ತಂತಿ ಬದಲಿಸೋದು ಅಂಗಡಿಯವರ ಕೆಲಸ ಅಲ್ಲ

ಗಿಟಾರ್ ಕ್ಲಾಸಿನಲ್ಲಿ ಮೊದಲ ತಿಂಗಳು ಏನು ಹೇಳಿಕೊಡಬೇಕು ಅಂತ ಯಾರಾದರೂ ನನ್ನನ್ನು ಕೇಳಿದರೆ (ಯಾರೂ ಕೇಳೋದಿಲ್ಲ ಬಿಡಿ!) ನನ್ನ ಉತ್ತರ ಒಂದೇ. ತಂತಿ ಬದಲಿಸೋದನ್ನು ಹೇಳಿಕೊಡಿ. ಕಾರ್ಡು, ಸ್ಕೇಲು, ಹುಟ್ಟುಹಬ್ಬದ ಹಾಡು ಎಲ್ಲ ಆಮೇಲೆ. ತನ್ನ ವಾದ್ಯಕ್ಕೆ ತಾನೇ ತಂತಿ ಹಾಕಿ, ತಾನೇ ಶ್ರುತಿ ಮಾಡಿಕೊಳ್ಳಲು ಬಾರದ ಹುಡುಗನಿಗೆ ಹತ್ತು ಕಾರ್ಡು ಕಲಿಸಿ ಏನು ಪ್ರಯೋಜನ? ಶ್ರುತಿ ತಪ್ಪಿದ ಗಿಟಾರಿನಲ್ಲಿ ಹತ್ತೂ ಅಪಸ್ವರವೇ.

ಅದರಲ್ಲೂ ಈಗ ಬಹಳಷ್ಟು ಎಲೆಕ್ಟ್ರಿಕ್ ಗಿಟಾರುಗಳಿಗೆ 'ಲಾಕಿಂಗ್ ಟ್ಯೂನರ್' ಅನ್ನುವ ಬಿರಡೆಗಳು ಇರುತ್ತವೆ. ತಂತಿ ಬದಲಿಸುವ ಕೆಲಸವನ್ನು ಹಗುರ ಮಾಡಲಿಕ್ಕೆಂದೇ ಬಂದ ಬಿರಡೆಗಳು ಅವು. ಅಂಥ ಗಿಟಾರನ್ನೂ ಹೆಗಲಿಗೇರಿಸಿಕೊಂಡು, ರಿಕ್ಷಾ ಹಿಡಿದು, ಅಂಗಡಿಗೆ ಹೋಗಿ, ದುಡ್ಡು ಕೊಟ್ಟು ತಂತಿ ಹಾಕಿಸಿಕೊಂಡು ಬರೋದು ಅಂದರೆ... ಮನೆಯಲ್ಲಿ ಕುಕ್ಕರ್ ಇಟ್ಟುಕೊಂಡು ಅನ್ನಕ್ಕೆ ಹೋಟೆಲಿಗೆ ಹೋದ ಹಾಗೆ!

ನಾನೇನು ಸಂಗೀತ ವಿದ್ವಾಂಸ ಅಲ್ಲ. ಧಾರವಾಡದಲ್ಲಿ ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದವನು, ಪುಣೆಗೆ ಬಂದು 27 ವರ್ಷ ಆಯಿತು. ಮಗಳು ಕೆಲಸಕ್ಕೆಂದು ಹೈದರಾಬಾದಿಗೆ ಹೋದಳು, ಅವಳ ಎಲೆಕ್ಟ್ರಿಕ್ ಗಿಟಾರು ಮನೆಯಲ್ಲೇ ಉಳಿಯಿತು. ಸುಮ್ಮನೆ ಧೂಳು ತಿನ್ನುವುದು ಬೇಡ ಅಂತ ಐವತ್ತೊಂದನೇ ವಯಸ್ಸಿಗೆ ಕೈಗೆ ತಗೊಂಡೆ. ಇವತ್ತಿಗೂ ದೊಡ್ಡ ವಾದಕನೇನೂ ಆಗಿಲ್ಲ. ಆದರೆ ತಂತಿ ಹಾಕುವ ವಿಷಯದಲ್ಲಿ ಮಾತ್ರ ನಮ್ಮ ಸೊಸೈಟಿಯ ಹುಡುಗರಿಗೆ ನಾನೇ ಗುರು. ಆ ಅಧಿಕಾರದಿಂದಲೇ ಈ ನಾಲ್ಕು ಮಾತು.

ಮೊದಲು ಈ ಲಾಕಿಂಗ್ ಟ್ಯೂನರ್ ಅಂದರೆ ಏನು ಅಂತ ನೋಡೋಣ. 'ಲಾಕ್' ಅಂದ ಕೂಡಲೇ ನಮ್ಮಂಥ ಬ್ಯಾಂಕಿನವರಿಗೆ ಲಾಕರ್ ನೆನಪಾಗುತ್ತದೆ. ಒಮ್ಮೆ ಕೀಲಿ ಹಾಕಿದರೆ ಮುಗೀತು, ಏನೂ ಅಲುಗಾಡೋದಿಲ್ಲ. ಇಲ್ಲಿ ಹಾಗಲ್ಲ. ಸಾಮಾನ್ಯ ಬಿರಡೆಯಲ್ಲಿ ತಂತಿಯ ತುದಿಯನ್ನು ಕಂಬದ ತೂತಿನಲ್ಲಿ ತೂರಿಸಿ ಎರಡು ಮೂರು ಸುತ್ತು ಸುತ್ತುತ್ತೇವೆ. ಆ ಸುತ್ತುಗಳ ಬಿಗಿಯೇ ತಂತಿಯನ್ನು ಹಿಡಿದಿರುತ್ತದೆ. ಲಾಕಿಂಗ್ ಬಿರಡೆಯಲ್ಲಿ ಕಂಬದ ಒಳಗೆ ಒಂದು ಸಣ್ಣ ಕಡ್ಡಿ ಇರುತ್ತದೆ. ಗಿಟಾರಿನ ತಲೆಯ ಹಿಂಬದಿಯಲ್ಲಿರುವ ದುಂಡು ಚಕ್ರವನ್ನು ತಿರುಗಿಸಿದರೆ ಆ ಕಡ್ಡಿ ಮುಂದೆ ಬಂದು ತಂತಿಯನ್ನು ಅಲ್ಲೇ ಒತ್ತಿ ಹಿಡಿಯುತ್ತದೆ. ಅಷ್ಟೇ. ಬಿಗಿಯಾಗುವುದು ತಂತಿ ಮತ್ತು ಕಂಬದ ನಡುವಿನ ಹಿಡಿತ ಮಾತ್ರ. ಬಿರಡೆಯ ಹಲ್ಲುಚಕ್ರಕ್ಕೆ ಯಾವ ಬೀಗವೂ ಇಲ್ಲ. ಕಿವಿ ಹಿಂಡಿದರೆ ಎಂದಿನಂತೆ ಶ್ರುತಿ ಮೇಲೆ ಕೆಳಗೆ ಆಗುತ್ತದೆ.

ಅಮೆರಿಕದ ಕ್ಲೀವ್‌ಲ್ಯಾಂಡಿನ ಸ್ಪರ್ಜೆಲ್, ಜರ್ಮನಿಯ ಶಾಲರ್, ಜಪಾನಿನ ಗೋಟೋ ಇವೆಲ್ಲ ಇಂಥ ಬಿರಡೆ ಮಾಡುವ ಹೆಸರಾಂತ ಕಂಪನಿಗಳು. ಕೆಲವಕ್ಕೆ ಹಿಂದೆ ಚಕ್ರ ಇರುವುದಿಲ್ಲ. ಗೋಟೋದ ಒಂದು ಬಗೆಯಲ್ಲಿ ಬಿರಡೆಯ ಕಿವಿ ತಿರುಗಿಸಿದ ಹಾಗೆ ಕಂಬ ತಾನಾಗಿಯೇ ತಂತಿಯನ್ನು ಕಚ್ಚಿಕೊಳ್ಳುತ್ತದೆ. ಹಾಗಾಗಿ ತಂತಿ ಕೊಳ್ಳುವ ಮುಂಚೆ ನಿಮ್ಮ ಗಿಟಾರಿನ ತಲೆಯನ್ನು ಒಮ್ಮೆ ಹಿಂದೆ ಮುಂದೆ ತಿರುಗಿಸಿ ನೋಡಿಕೊಳ್ಳಿ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಗೆಹರಿಸಿಬಿಡೋಣ. 1970ರ ದಶಕದ ಕೊನೆಯಲ್ಲಿ ಫ್ಲಾಯ್ಡ್ ರೋಸ್ ಎಂಬ ಅಮೆರಿಕನ್ ವಾದಕ ತಂತಿಗಳನ್ನು ಕತ್ತಿನ ತುದಿಯಲ್ಲೇ ಸ್ಕ್ರೂ ಹಾಕಿ ಬಿಗಿಯುವ ವ್ಯವಸ್ಥೆಯನ್ನು ಕಂಡುಹಿಡಿದ. ಆತನ ಹೆಸರಿನಲ್ಲೇ ಅದು ಪ್ರಸಿದ್ಧ. ಅದು ಬೇರೆ, ಇದು ಬೇರೆ. ಅದರ ತಂತಿ ಬದಲಿಸುವ ರೀತಿಯೂ ಬೇರೆ, ಅಲೆನ್ ಕೀಲಿ ಬೇಕು, ತಾಳ್ಮೆಯೂ ಬೇಕು. ಅಂಥ ಗಿಟಾರಿದ್ದ ಹೊಸಬರು ಮೊದಲ ಸಲ ತಿಳಿದವರ ಪಕ್ಕದಲ್ಲಿ ಕೂತು ಮಾಡೋದೇ ಒಳ್ಳೇದು. ನಾನು ಹೇಳುತ್ತಿರುವುದು ಬರೀ ಲಾಕಿಂಗ್ ಬಿರಡೆ ಇರುವ ಗಿಟಾರುಗಳ ಬಗ್ಗೆ.

ಸರಿ, ಈ ಬಿರಡೆಯಿಂದ ಲಾಭ ಏನು? ಲೆಕ್ಕ ಹಾಕೋಣ, ಲೆಕ್ಕ ನನ್ನ ಕಸುಬು. ಬಿರಡೆಯ ಹಲ್ಲಿನ ಅನುಪಾತ 14ಕ್ಕೆ 1 ಅಂತ ಇಟ್ಟುಕೊಳ್ಳಿ. ಅಂದರೆ ಕಿವಿಯನ್ನು 14 ಸಲ ತಿರುಗಿಸಿದರೆ ಕಂಬ ಒಂದು ಸುತ್ತು ಸುತ್ತುತ್ತದೆ. ಸಾಮಾನ್ಯ ಬಿರಡೆಯಲ್ಲಿ ಒಂದೊಂದು ತಂತಿಗೂ ಮೂರು ಸುತ್ತು ಬೇಕಾದರೆ 42 ಸಲ ತಿರುವಬೇಕು. ಆರು ತಂತಿಗೆ 252. ಲಾಕಿಂಗ್ ಬಿರಡೆಯಲ್ಲಿ ಅರ್ಧ ಸುತ್ತಿಗೇ ತಂತಿ ಶ್ರುತಿಗೆ ಬರುತ್ತದೆ. ತಂತಿಗೆ 7, ಆರಕ್ಕೂ ಸೇರಿ 42. ಎಷ್ಟು ಉಳಿತಾಯ ನೋಡ್ರಿ!

ಕೈ ನೋವು ಉಳಿಯುವುದು ಒಂದು ಕಡೆಯಾದರೆ ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಕಂಬಕ್ಕೆ ಸುತ್ತಿದ ಪ್ರತಿ ಸುತ್ತಿನಲ್ಲೂ ಒಂಚೂರು ಸಡಿಲ ಅಡಗಿರುತ್ತದೆ. ತಂತಿಯನ್ನು ಬೆರಳಿನಿಂದ ಎಳೆದು ಬಾರಿಸಿದಾಗ, ಕುದುರೆಯ ಕಡ್ಡಿ ಹಿಡಿದು ಅಲುಗಾಡಿಸಿದಾಗ ಆ ಸುತ್ತುಗಳು ಜರುಗುತ್ತವೆ, ಮತ್ತೆ ಮೊದಲಿನ ಜಾಗಕ್ಕೆ ಸರಿಯಾಗಿ ಮರಳುವುದಿಲ್ಲ. ಶ್ರುತಿ ಇಳಿಯುತ್ತದೆ. ಸುತ್ತೇ ಇಲ್ಲದಿದ್ದರೆ ಜರುಗಲು ಏನಿದೆ?

ಇಷ್ಟು ಗೊತ್ತಾದ ಮೇಲೆ ನಮ್ಮ ಕೆಳಗಿನ ಮನೆಯ ಹುಡುಗನ ಕಥೆ ಹೇಳಬಹುದು. ಗದಗಿನ ಕಡೆಯವರು, ಹುಡುಗ ಹುಟ್ಟಿ ಬೆಳೆದದ್ದೆಲ್ಲ ಪುಣೆಯಲ್ಲೇ, ಎಂಟನೇ ಕ್ಲಾಸು. ಅಪ್ಪ ಲಾಕಿಂಗ್ ಬಿರಡೆಯ ಒಳ್ಳೆಯ ಗಿಟಾರನ್ನೇ ಕೊಡಿಸಿದ್ದರು. ಆರು ತಿಂಗಳು ಕ್ಲಾಸಿಗೂ ಹೋದ. ಆಮೇಲೆ ಗಿಟಾರು ಕವರಿನೊಳಗೆ ಸೇರಿತು. ಲಿಫ್ಟಿನಲ್ಲಿ ಸಿಕ್ಕಾಗ ಅವನ ತಾಯಿ ಹೇಳಿದರು: "ಏನ್ ಮಾಡೋದ್ರಿ ಅಣ್ಣಾರ, ತನಗ ಕಿವೀನ ಸರಿ ಇಲ್ಲಂತಾನ. ಎಷ್ಟ್ ಬಾರಿಸಿದ್ರೂ ಬೇಸೂರ ಆಗತೈತಂತ. ಇನ್ನ ಕ್ಲಾಸಿಗೆ ಹೋಗಂಗಿಲ್ಲ ಅಂತ ಕುಂತಾನ."

ಗಿಟಾರು ತರಿಸಿ ನೋಡಿದೆ. ಎರಡು ತಿಂಗಳ ಹಿಂದೆ ಒಂದು ಅಂಗಡಿಯಲ್ಲಿ ತಂತಿ ಹಾಕಿಸಿದ್ದರಂತೆ. ತಂತಿಗೆ 600, ಕೂಲಿ 400. ಆ ಪುಣ್ಯಾತ್ಮರು ಲಾಕಿಂಗ್ ಬಿರಡೆಯ ಮೇಲೆ ಮೂರು ನಾಲ್ಕು ಸುತ್ತು ಒಂದರ ಮೇಲೊಂದು ಸುತ್ತಿದ್ದರು. ಹಿಂದಿನ ಚಕ್ರವನ್ನು ಬಿಗಿ ಮಾಡಿಯೇ ಇರಲಿಲ್ಲ! ಮೇಲಿನ ಎರಡು ತಂತಿ ಮಳೆಗಾಲದ ತೇವಕ್ಕೆ, ಹುಡುಗನ ಬೆವರಿಗೆ ಕಂದು ಬಣ್ಣಕ್ಕೆ ತಿರುಗಿದ್ದವು. ಇಂಥ ಗಿಟಾರು ಐದು ನಿಮಿಷವೂ ಶ್ರುತಿಯಲ್ಲಿ ನಿಲ್ಲುವುದಿಲ್ಲ.

ನೋಡಿ, ನನ್ನ ಸಿಟ್ಟು 400 ರೂಪಾಯಿಗಲ್ಲ. ಹದಿಮೂರು ವರ್ಷದ ಹುಡುಗ ತನ್ನ ಕಿವಿಯನ್ನೇ ಅನುಮಾನಿಸಿದನಲ್ಲ, ಅದಕ್ಕೆ. ನಿಜಕ್ಕೂ ಅವನ ಕಿವಿ ಚೆನ್ನಾಗಿಯೇ ಇತ್ತು. ಚೆನ್ನಾಗಿದ್ದದ್ದರಿಂದಲೇ ಬೇಸೂರು ಅಂತ ಗೊತ್ತಾಗಿದ್ದು! ತಪ್ಪು ತಂತಿಯಲ್ಲಿದೆ, ನನ್ನಲ್ಲಲ್ಲ ಅಂತ ತಿಳಿಯಲು ತಂತಿಯ ವ್ಯವಹಾರ ಗೊತ್ತಿರಬೇಕು. ಅದನ್ನು ಅವನಿಗೆ ಕ್ಲಾಸಿನವರೂ ಹೇಳಲಿಲ್ಲ, ಅಂಗಡಿಯವರೂ ಹೇಳಲಿಲ್ಲ. ಮಕ್ಕಳು ಗಿಟಾರು ಬಿಟ್ಟಾಗ "ಈಗಿನ ಹುಡುಗರಿಗೆ ಶ್ರದ್ಧೆ ಇಲ್ಲ" ಅಂತ ನಾವು ದೊಡ್ಡವರು ತೀರ್ಪು ಕೊಡುತ್ತೇವೆ. ಅದಕ್ಕೂ ಮುಂಚೆ ಒಮ್ಮೆ ತಂತಿಗಳನ್ನು ನೋಡಿ ಅನ್ನುತ್ತೇನೆ ನಾನು.

ಅವತ್ತು ಹೊಸ ತಂತಿ ಹಾಕಿದ್ದು ಅವನೇ. ನಾನು ಪಕ್ಕದಲ್ಲಿ ಕೂತು ಹೇಳಿದೆ, ಅಷ್ಟೇ. ಮುಕ್ಕಾಲು ಗಂಟೆ ಹಿಡಿಯಿತು. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಬೇಕಾಗುವ ಸಾಮಾನು: ಈಗ ಇರುವಷ್ಟೇ ದಪ್ಪದ ಹೊಸ ತಂತಿಯ ಸೆಟ್ಟು, ತಂತಿ ಕತ್ತರಿಸುವ ಕಟ್ಟರ್, ಗಿಟಾರಿನ ತಲೆಗೆ ಸಿಕ್ಕಿಸುವ ಕ್ಲಿಪ್ ಟ್ಯೂನರ್ ಅಥವಾ ಮೊಬೈಲಿನಲ್ಲಿ ಟ್ಯೂನರ್, ಒಣ ಬಟ್ಟೆ, ಒಂದು ಪೆನ್ಸಿಲ್. ದಪ್ಪ ಯಾಕೆ ಬದಲಿಸಬಾರದು ಅಂದರೆ ಆರು ತಂತಿಗಳ ಎಳೆತ ಕಡಿಮೆಯದಲ್ಲ. ಅತಿ ತೆಳು ತಂತಿ 0.010 ಇಂಚು ಇರುವ ಸೆಟ್ಟಿನಲ್ಲಿ ಒಟ್ಟು ಸುಮಾರು 45 ಕಿಲೋಗೂ ಹೆಚ್ಚು ಎಳೆತ ಇರುತ್ತದೆ. 0.009ರ ಸೆಟ್ಟಿನಲ್ಲಿ 40 ಕಿಲೋಗೆ ಸ್ವಲ್ಪ ಕಡಿಮೆ. ಕತ್ತು, ಸ್ಪ್ರಿಂಗು ಎಲ್ಲ ಆ ಎಳೆತಕ್ಕೆ ಹೊಂದಿಕೊಂಡು ನಿಂತಿರುತ್ತವೆ. ದಪ್ಪ ಬದಲಾದರೆ ಅವನ್ನೂ ಮತ್ತೆ ಹೊಂದಿಸಬೇಕಾದೀತು.

ಒಂದು. ಬಿಚ್ಚುವ ಮುಂಚೆ ಗಿಟಾರಿನ ತಲೆಯ ಫೋಟೋ ತೆಗೆದುಕೊಳ್ಳಿ. ತಂತಿ ಕಂಬದ ಯಾವ ಪಕ್ಕದಿಂದ ಹೋಗಿದೆ ಅಂತ ಆಮೇಲೆ ಜಗಳ ಬರಬಾರದು.

ಎರಡು. ಒಂದು ತಂತಿ ತೆಗೆದು ಹೊಸದು ಹಾಕಿ, ಶ್ರುತಿಗೆ ತಂದು, ಆಮೇಲೆ ಮುಂದಿನದಕ್ಕೆ ಹೋಗಿ. ಆರನ್ನೂ ಒಮ್ಮೆಲೇ ಬಿಚ್ಚಿದರೆ ಪ್ರಾಣವೇನೂ ಹೋಗುವುದಿಲ್ಲ. ಆದರೆ ಕುದುರೆಗೆ ಸ್ಪ್ರಿಂಗ್ ಇರುವ ಗಿಟಾರಿನಲ್ಲಿ ಹಿಂದಿನಿಂದ ಸ್ಪ್ರಿಂಗು, ಮುಂದಿನಿಂದ ತಂತಿ ಎಳೆಯುತ್ತಾ ಸಮತೋಲ ಇರುತ್ತದೆ. ಹೊಸಬರು ಅದನ್ನು ಕೆಡಿಸದಿರುವುದೇ ಕ್ಷೇಮ.

ಮೂರು. ಹಳೆಯ ತಂತಿಯನ್ನು ಪೂರ್ತಿ ಸಡಿಲ ಮಾಡಿ. ಬಿಗಿಯಾಗಿರುವಾಗ ಕತ್ತರಿಸಬೇಡಿ, ಮುಖಕ್ಕೆ ಹಾರುತ್ತದೆ. ಕನ್ನಡಕ ಇದ್ದರೆ ಹಾಕಿಕೊಳ್ಳಿ. ಸಡಿಲ ಆದ ಮೇಲೆ ಹಿಂದಿನ ಚಕ್ರವನ್ನು ಎಡಕ್ಕೆ ತಿರುಗಿಸಿದರೆ ಹಿಡಿತ ಬಿಡುತ್ತದೆ. ತಂತಿಯನ್ನು ನಡುವೆ ಕತ್ತರಿಸಿ ಎರಡೂ ಕಡೆಯಿಂದ ತೆಗೆಯಿರಿ. ತುಂಡುಗಳನ್ನು ಸುರುಳಿ ಸುತ್ತಿ ಕಾಗದದಲ್ಲಿ ಕಟ್ಟಿ ಎಸೆಯಿರಿ. ಕಸ ಒಯ್ಯುವವರ ಬೆರಳು ನೆನಪಿರಲಿ.

ನಾಲ್ಕು. ಹೊಸ ತಂತಿಯನ್ನು ಕುದುರೆಯ ಕಡೆಯಿಂದ ತೂರಿಸಿ. ತುದಿಯ ಹಿತ್ತಾಳೆ ಗುಂಡು ತನ್ನ ಜಾಗದಲ್ಲಿ ಸರಿಯಾಗಿ ಕೂತಿದೆಯೇ ಅಂತ ಎಳೆದು ನೋಡಿ. ಕತ್ತಿನ ತುದಿಯಲ್ಲಿ ತಂತಿ ಕೂರಲು ಗೀರುಗಳಿರುವ ಸಣ್ಣ ಪಟ್ಟಿ ಇದೆಯಲ್ಲ, ಅದಕ್ಕೆ ನಟ್ ಅನ್ನುತ್ತಾರೆ. ಬಿರಡೆಯ ತೂತು ಆ ಗೀರಿಗೆ ನೇರವಾಗಿ ಬರುವಂತೆ ಕಂಬವನ್ನು ತಿರುಗಿಸಿಕೊಳ್ಳಿ.

ಐದು. ಇದೇ ಮುಖ್ಯ. ತಂತಿಯನ್ನು ಗೀರಿನಲ್ಲಿ ಕೂರಿಸಿ, ತೂತಿನಲ್ಲಿ ತೂರಿಸಿ, ಕೈಯಿಂದ ಸೆಟೆದು ನಿಲ್ಲುವಷ್ಟು ಎಳೆಯಿರಿ. ಎಳೆದು ಹಿಡಿದುಕೊಂಡೇ ಹಿಂದಿನ ಚಕ್ರವನ್ನು ಬೆರಳಿನಿಂದ ಬಿಗಿ ಮಾಡಿ. ಬೆರಳಿನಿಂದ ಮಾತ್ರ, ಇಕ್ಕಳ ಬೇಡ! ಅತಿ ಬಿಗಿ ಮಾಡಿದರೆ ಕಾಲು ಮಿಲಿಮೀಟರ್ ದಪ್ಪದ ಆ ತೆಳು ತಂತಿ ಅಲ್ಲೇ ತುಂಡಾಗಬಹುದು. "ಜಾರಿದರೆ ಏನು ಗತಿ, ಎರಡು ಸುತ್ತು ಹೆಚ್ಚಿಗೆ ಇರಲಿ" ಅನ್ನುವ ಆಸೆಗೆ ಬೀಳಬೇಡಿ. ಹೆಚ್ಚಿಗೆ ಸುತ್ತಿದರೆ ಲಾಕಿಂಗ್ ಬಿರಡೆಗೆ ಕೊಟ್ಟ ದುಡ್ಡು ನೀರಿಗೆ ಹಾಕಿದಂತೆಯೇ. ಕಂಬ ಒಂದು ಸುತ್ತು ಮುಗಿಸುವ ಮೊದಲೇ ತಂತಿ ಶ್ರುತಿಗೆ ಬಂದರೆ ನೀವು ಮಾಡಿದ್ದು ಸರಿ.

ಆರು. ಶ್ರುತಿಗೆ ಬಂದ ಮೇಲೆ ಹೆಚ್ಚುವರಿ ತುದಿಯನ್ನು ಎರಡು ಮೂರು ಮಿಲಿಮೀಟರ್ ಬಿಟ್ಟು ಕತ್ತರಿಸಿ. ಮೊದಲೇ ಕತ್ತರಿಸಬೇಡಿ.

ಏಳು. ಹೊಸ ತಂತಿ ಹಿಗ್ಗುತ್ತದೆ, ಅದು ಅದರ ಗುಣ. ಹನ್ನೆರಡನೇ ಮೆಟ್ಟಿಲಿನ ಹತ್ತಿರ ತಂತಿಯನ್ನು ಮೆಲ್ಲಗೆ ಮೇಲಕ್ಕೆ ಎಳೆಯಿರಿ. ಶ್ರುತಿ ಇಳಿದಿರುತ್ತದೆ, ಮತ್ತೆ ಏರಿಸಿ. ಮೂರು ನಾಲ್ಕು ಸಲ ಮಾಡಿದರೆ ತಂತಿ ಪಳಗುತ್ತದೆ. ಶ್ರುತಿ ಮಾಡುವಾಗ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬನ್ನಿ. ಹೆಚ್ಚಾಗಿಬಿಟ್ಟರೆ ಚೆನ್ನಾಗಿ ಇಳಿಸಿ ಮತ್ತೆ ಏರಿಸಿ. ಇಲ್ಲದಿದ್ದರೆ ಹಲ್ಲುಚಕ್ರದ ಸಡಿಲು ಆಮೇಲೆ ಕೈಕೊಡುತ್ತದೆ.

ಇಷ್ಟೇ ನೋಡ್ರಿ. ಇದರಲ್ಲಿ ಯಾವ ಬ್ರಹ್ಮವಿದ್ಯೆ ಇದೆ?

ಇದಕ್ಕೆ ಬರುವ ಆಕ್ಷೇಪಣೆಗಳು ನನಗೆ ಗೊತ್ತು. "ಲಾಕಿಂಗ್ ಟ್ಯೂನರ್ ಹಾಕಿಸಿದರೆ ಶ್ರುತಿ ತಪ್ಪೋದೇ ಇಲ್ಲವಂತೆ, ಅದನ್ನೇ ಹಾಕಿಸಿಬಿಡಿ" ಅನ್ನುವವರು ಒಂದು ಗುಂಪು. ಇದು ಮಾರುವವರ ಮಾತು. ಶ್ರುತಿ ತಪ್ಪಲು ಬಿರಡೆಯೊಂದೇ ಕಾರಣ ಅಲ್ಲ, ನಟ್ಟಿನ ಗೀರಿನಲ್ಲಿ ತಂತಿ ಸಿಕ್ಕಿಕೊಳ್ಳುವುದು ಅಷ್ಟೇ ದೊಡ್ಡ ಕಾರಣ. ಬಿರಡೆ ತಿರುವುವಾಗ 'ಟಿಕ್' ಅಂತ ಸದ್ದಾಗಿ ಶ್ರುತಿ ಒಮ್ಮೆಲೇ ಹಾರಿದರೆ ಗೀರಿನಲ್ಲೇ ತೊಂದರೆ ಅಂತ ಅರ್ಥ. ತಂತಿ ಬದಲಿಸುವಾಗ ಪೆನ್ಸಿಲ್ ಮೊನೆಯನ್ನು ಆ ಗೀರಿನಲ್ಲಿ ನಾಲ್ಕು ಸಲ ಉಜ್ಜಿ. ಪೆನ್ಸಿಲಿನ ಗ್ರಾಫೈಟು ಒಳ್ಳೆಯ ಜಾರುಪುಡಿ. ಐದು ರೂಪಾಯಿಯ ಪೆನ್ಸಿಲು ಮಾಡುವ ಕೆಲಸಕ್ಕೆ ಐದಾರು ಸಾವಿರದ ಬಿರಡೆ ಕೊಳ್ಳಬೇಡಿ. 1954ರಲ್ಲಿ ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಬಂದಾಗ ಅದಕ್ಕೆ ಲಾಕಿಂಗ್ ಬಿರಡೆ ಇರಲಿಲ್ಲ. ಆದರೂ ಜನ ನುಡಿಸಿದರು, ಜಗತ್ತು ಕೇಳಿತು. ಗಿಟಾರಿನ ಜೊತೆಗೇ ಬಂದಿದ್ದರೆ ಸಂತೋಷ, ಸರಿಯಾಗಿ ಬಳಸಿ. ಇಲ್ಲದಿದ್ದರೆ ಮೊದಲು ಎರಡು ಮೂರು ಸುತ್ತು ಅಚ್ಚುಕಟ್ಟಾಗಿ ಹಾಕುವುದನ್ನು ಕಲಿಯಿರಿ.

"ಮಕ್ಕಳು ಕೆಡಿಸಿಬಿಟ್ಟರೆ?" ಅನ್ನುವುದು ಇನ್ನೊಂದು. ಏನು ಕೆಡುತ್ತದೆ ಹೇಳಿ? ಹೆಚ್ಚೆಂದರೆ ಒಂದು ತಂತಿ ತುಂಡಾದೀತು. ಕತ್ತಿನೊಳಗಿನ ಸಲಾಕೆ ತಿರುವುವುದು, ಮೆಟ್ಟಿಲು ಉಜ್ಜುವುದು, ನಟ್ಟಿನ ಗೀರು ಕೊರೆಯುವುದು, ಇವು ನುರಿತವರ ಕೆಲಸ. ಅದಕ್ಕೆ ಅಂಗಡಿಗೆ ಹೋಗಿ, ಅವರು ಕೇಳಿದ ಕೂಲಿ ಸಂತೋಷದಿಂದ ಕೊಡಿ. ಒಳ್ಳೆಯ ಕಸಬುದಾರರೂ ಇದ್ದಾರೆ, ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ತಂತಿ ಹಾಕುವುದು ಆ ಸಾಲಿಗೆ ಸೇರಿದ್ದಲ್ಲ. ಅದು ಪೆನ್ನಿಗೆ ರೀಫಿಲ್ ಹಾಕುವ ಸಾಲಿನದು.

"ಪುರುಸೊತ್ತಿಲ್ಲ" ಅನ್ನುವವರಿಗೆ ಏನು ಹೇಳೋದು? ಪುಣೆಯ ಟ್ರಾಫಿಕ್ಕಿನಲ್ಲಿ ಅಂಗಡಿಗೆ ಹೋಗಿ ಬರುವ ಹೊತ್ತಿನಲ್ಲಿ ಎರಡು ಗಿಟಾರಿಗೆ ತಂತಿ ಹಾಕಬಹುದು!

ನಮ್ಮ ಕಡೆಯ ಜನಕ್ಕೆ ಇದನ್ನು ವಿವರಿಸಿ ಹೇಳಬೇಕಾಗಿ ಬಂದದ್ದೇ ನನಗೆ ಆಶ್ಚರ್ಯ. ಧಾರವಾಡ, ಹುಬ್ಬಳ್ಳಿ, ಗದಗ ಅಂದರೆ ತಂಬೂರಿಯ ನಾಡು. ಪುಣೆಯಿಂದ ಊರಿಗೆ ಹೋಗುವ ರೈಲು ಹಾಯುವ ಮೀರಜಿನಲ್ಲಿ ತಲೆಮಾರುಗಳಿಂದ ತಂಬೂರಿ, ಸಿತಾರು ಮಾಡುತ್ತಾರೆ. 2024ರಲ್ಲಿ ಅವಕ್ಕೆ ಜಿಐ ಮಾನ್ಯತೆಯೂ ಸಿಕ್ಕಿತು. ಕಛೇರಿಯಲ್ಲಿ ಗಾಯಕರು ಹಾಡುವ ಮುಂಚೆ ಎಷ್ಟೊತ್ತು ತಂಬೂರಿ ಶ್ರುತಿ ಮಾಡುತ್ತಾರೆ ಅಂತ ನೀವೇ ನೋಡಿರುತ್ತೀರಿ. ಬಿರಡೆ ತಿರುವಿ, ಮಣಿ ಸರಿಸಿ, ಜೀವಾಳದ ದಾರ ಹೊಂದಿಸಿ, ಕಿವಿ ಒಪ್ಪುವವರೆಗೂ ಬಾಯಿ ತೆರೆಯುವುದಿಲ್ಲ. ಸಾವಿರ ಜನ ಎದುರಿಗೆ ಕೂತಿದ್ದರೂ ಅವಸರ ಇಲ್ಲ. ಶಿಷ್ಯರಿಗೆ ಮೊದಲು ಸಿಗುವ ಕೆಲಸವೂ ಅದೇ, ಗುರುವಿನ ಹಿಂದೆ ಕೂತು ತಂಬೂರಿ ಮೀಟುವುದು. ಶ್ರುತಿ ಮಾಡುವುದು ಅಲ್ಲಿ ಸಂಗೀತದ ಹೊರಗಿನ ಕೆಲಸ ಅಲ್ಲ, ಸಂಗೀತ ಅಲ್ಲಿಂದಲೇ ಶುರು. ಇದನ್ನೆಲ್ಲ ನೋಡಿ ಬೆಳೆದ ನಾವು, ಮಕ್ಕಳ ಕೈಗೆ ಗಿಟಾರು ಬಂದ ಕೂಡಲೇ ಅದನ್ನು ಮಿಕ್ಸರು, ಫ್ರಿಜ್ಜಿನ ಹಾಗೆ ಮಾಡಿಬಿಟ್ಟೆವು. ಕೆಟ್ಟರೆ ರಿಪೇರಿಗೆ ಕೊಡಿ, ಅಷ್ಟೇ!

ಹಾಗಾಗಿ ನನ್ನ ಬೇಡಿಕೆ ಮೂರು. ಕ್ಲಾಸು ನಡೆಸುವವರು ಮೊದಲ ತಿಂಗಳಲ್ಲೇ ಒಂದು ಪಾಠವನ್ನು ತಂತಿಗೆ ಮೀಸಲಿಡಲಿ, ಮಕ್ಕಳ ಕೈಯಿಂದಲೇ ಹಾಕಿಸಲಿ. ಅಂಗಡಿಯವರು ಗಿಟಾರು ಮಾರುವಾಗ "ಇದರ ಬಿರಡೆ ಹೀಗೆ ಕೆಲಸ ಮಾಡುತ್ತದೆ" ಅಂತ ಐದು ನಿಮಿಷ ತೋರಿಸಿ ಕಳಿಸಲಿ. ಮೂರನೆಯದು ನಮ್ಮಂಥ ಅಪ್ಪ ಅಮ್ಮಂದಿರಿಗೆ. ಮಗ ಅಥವಾ ಮಗಳು ತಂತಿ ಕಟ್ಟರ್ ಹಿಡಿದು ನೆಲದ ಮೇಲೆ ಕೂತರೆ "ಬಿಡು, ನಿನ್ನ ಕೈಲಾಗಲ್ಲ, ಅಂಗಡಿಗೆ ಕೊಡೋಣ" ಅನ್ನಬೇಡಿ. ಪಕ್ಕದಲ್ಲಿ ಕೂತು ಬಟ್ಟೆ ಕೊಡಿ, ಪೆನ್ಸಿಲ್ ಕೊಡಿ, ಬಾಯಿ ಮುಚ್ಚಿಕೊಂಡಿರಿ. ತಾನೇ ಹಾಕಿದ ತಂತಿ ಶ್ರುತಿಗೆ ಬಂದು ನಿಂತಾಗ ಮಗುವಿಗೆ ವಾದ್ಯದ ಮೇಲೆ ಬರುವ ಧೈರ್ಯವನ್ನು ಯಾವ ಕ್ಲಾಸಿನ ಫೀಸೂ ಕೊಡಲಾರದು.

ಏನಂತೀರಿ?